ಒಂದೇ ಪ್ರೋಟೀನಿಗೆ ಎರಡು ಸೂಜಿ: ಇವೊಲೊಕುಮ್ಯಾಬ್ ಪೆನ್ ಮತ್ತು ಇನ್‌ಕ್ಲಿಸಿರಾನ್

ಸ್ಟ್ಯಾಟಿನ್ ಮಾತ್ರೆಯಿಂದ ಎಲ್‌ಡಿಎಲ್ ಎಂಬ 'ಕೆಟ್ಟ' ಕೊಲೆಸ್ಟ್ರಾಲ್ ಬೇಕಾದಷ್ಟು ಇಳಿಯದ ಕಾರಣ ವೈದ್ಯರು ನನಗೆ ಮೊದಲು ಬರೆದುಕೊಟ್ಟದ್ದು, ಎರಡು ವಾರಕ್ಕೊಮ್ಮೆ ನಾವೇ ಚುಚ್ಚಿಕೊಳ್ಳುವ 140 ಮಿಲಿಗ್ರಾಂ ಇವೊಲೊಕುಮ್ಯಾಬ್ ಪೆನ್. ಆಮೇಲೆ ಬದಲಾಯಿಸಿದ್ದು, ನರ್ಸ್ ಕೊಡುವ ಇನ್‌ಕ್ಲಿಸಿರಾನ್ ಇಂಜೆಕ್ಷನ್ನಿಗೆ. ಎರಡರ ಗುರಿಯೂ ಪಿಸಿಎಸ್‌ಕೆ9 ಎಂಬ ಒಂದೇ ಪ್ರೋಟೀನ್. ಯಕೃತ್ತಿನ ಜೀವಕೋಶಗಳ ಮೇಲಿರುವ ಗ್ರಾಹಕಗಳು ರಕ್ತದಲ್ಲಿನ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೊಯ್ದು, ಅಲ್ಲಿ ಬಿಟ್ಟು, ಮತ್ತೆ ಮೇಲಕ್ಕೆ ಮರಳುತ್ತವೆ. ಪಿಸಿಎಸ್‌ಕೆ9 ಅಂಟಿಕೊಂಡ ಗ್ರಾಹಕ ಮಾತ್ರ ಮರಳದೆ ಒಳಗೇ ನಾಶವಾಗುತ್ತದೆ, ಹಾಗಾಗಿ ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಹುಟ್ಟಿನಿಂದಲೇ ಈ ಪ್ರೋಟೀನಿನ ಜೀನ್ ಸರಿಯಾಗಿ ಕೆಲಸ ಮಾಡದವರಲ್ಲಿ ಹೃದ್ರೋಗ ಬಹಳ ಕಡಿಮೆ ಎಂದು ಅಮೆರಿಕದ ಸಂಶೋಧಕರಾದ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೊಹೆನ್ ಅವರ ತಂಡ 2006ರಲ್ಲಿ ತೋರಿಸಿದ ಮೇಲೆ, ಔಷಧ ಕಂಪನಿಗಳೆಲ್ಲ ಇದರ ಬೆನ್ನು ಹತ್ತಿದವು.

ಪೆನ್ನಿನ ಬಳಕೆ ಸುಲಭ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು, ತೊಡೆಗೋ ಹೊಟ್ಟೆಗೋ ಒತ್ತಿ ಹಿಡಿದು ಗುಂಡಿ ಅದುಮಿದರೆ, ಸುಮಾರು 15 ಸೆಕೆಂಡಿನಲ್ಲಿ ಔಷಧ ಒಳಸೇರಿ ಪೆನ್ನಿನ ಕಿಟಕಿ ಹಳದಿಯಾಗುತ್ತದೆ. ಹಳದಿ ತುಂಬುವವರೆಗೂ ಕಾಯದೆ, ಕ್ಲಿಕ್ ಸದ್ದು ಕೇಳಿದ್ದೇ ಕೈ ಎತ್ತಿಬಿಟ್ಟು ಒಮ್ಮೆ ಔಷಧವನ್ನು ತೊಡೆಯ ಮೇಲೆ ಹರಿಸಿಕೊಂಡೆ, ತಪ್ಪು ನನ್ನದೇ. ಪೆನ್ನಿನಲ್ಲಿರುವುದು ಪ್ರತಿಕಾಯ, ಅಂದರೆ ಒಂದು ನಿರ್ದಿಷ್ಟ ಗುರಿಗೆ ಅಂಟಿಕೊಳ್ಳುವ ಪ್ರೋಟೀನ್. ಅದು ರಕ್ತದಲ್ಲಿ ಓಡಾಡುವ ಪಿಸಿಎಸ್‌ಕೆ9 ಅನ್ನು ಹಿಡಿದುಹಾಕುತ್ತದೆಯೇ ಹೊರತು ಅದರ ತಯಾರಿಕೆಯನ್ನು ತಡೆಯುವುದಿಲ್ಲ. ಎರಡು ವಾರಕ್ಕೊಮ್ಮೆ ಚುಚ್ಚಿಕೊಳ್ಳಬೇಕಾಗಿರುವುದು ಅದಕ್ಕೇ.

ಇನ್‌ಕ್ಲಿಸಿರಾನ್ ತಯಾರಿಕೆಗೇ ಕೈಹಾಕುತ್ತದೆ. ಇದು ಆರ್‌ಎನ್‌ಎಯ, ಅಂದರೆ ಜೀನಿನ ಸಂದೇಶ ಹೊರುವ ಅಣುವಿನ ಬಗೆಯ, ಪುಟ್ಟ ಜೋಡಿ ಎಳೆ. ಯಕೃತ್ತಿನ ಜೀವಕೋಶದೊಳಗೆ ಪಿಸಿಎಸ್‌ಕೆ9 ತಯಾರಿಸುವ ಸಂದೇಶವನ್ನೇ ಕತ್ತರಿಸುತ್ತದೆ. ಆದರೆ ಬರಿಯ ಎಳೆ ಯಕೃತ್ತನ್ನು ತಲುಪಲಾರದು. 2018ರಲ್ಲಿ ಅನುಮತಿ ಪಡೆದ ಇದೇ ಬಗೆಯ ಮೊದಲ ಔಷಧ ಪಟಿಸಿರಾನನ್ನು ಕೊಬ್ಬಿನ ಸೂಕ್ಷ್ಮ ಕಣಗಳಲ್ಲಿ ಸುತ್ತಿ, ಮೂರು ವಾರಕ್ಕೊಮ್ಮೆ ಡ್ರಿಪ್ ಮೂಲಕ, ಅದೂ ಸ್ಟೆರಾಯ್ಡ್ ಕೊಟ್ಟ ನಂತರವೇ, ಏರಿಸಬೇಕಿತ್ತು. ಇನ್‌ಕ್ಲಿಸಿರಾನ್‌ನಲ್ಲಿ ಆ ರಗಳೆಯಿಲ್ಲ: ಎಳೆಯ ತುದಿಗೆ ಗ್ಯಾಲ್‌ನ್ಯಾಕ್ ಎಂಬ ಸಕ್ಕರೆಯ ಅಣುಗಳನ್ನು ಜೋಡಿಸಿದ್ದಾರೆ, ಆ ಸಕ್ಕರೆಯನ್ನು ಗುರುತಿಸಿ ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲೆ ದಂಡಿಯಾಗಿವೆ. ವಿಳಾಸ ಬರೆದ ಲಕೋಟೆಯಂತೆ ಔಷಧ ನೇರ ಮನೆ ಸೇರುತ್ತದೆ. ಎರಡು ದಿನದೊಳಗೆ ರಕ್ತದಿಂದ ಮಾಯವಾದರೂ ಪರಿಣಾಮ ತಿಂಗಳುಗಟ್ಟಲೆ ಉಳಿಯುವ ಈ ಜಾಣ್ಮೆಗೆ ನಾನು ನಿಜಕ್ಕೂ ಮಾರುಹೋದೆ.

ಹಾಗೆಂದು ಪೆನ್ನನ್ನು ತಳ್ಳಿಹಾಕಲಾರೆ. 27,564 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಫೌರಿಯರ್ ಅಧ್ಯಯನದಲ್ಲಿ ಇವೊಲೊಕುಮ್ಯಾಬ್ ಎಲ್‌ಡಿಎಲ್ ಅನ್ನು ಶೇ 59ರಷ್ಟು ಇಳಿಸಿತಲ್ಲದೆ, ಹೃದಯಾಘಾತ, ಪಾರ್ಶ್ವವಾಯು ಮುಂತಾದ ಆಘಾತಗಳ ಅಪಾಯವನ್ನೂ ಶೇ 15ರಷ್ಟು ತಗ್ಗಿಸಿತು. ಇನ್‌ಕ್ಲಿಸಿರಾನ್‌ಗೆ ಅನುಮತಿ ದೊರೆತದ್ದು ಎಲ್‌ಡಿಎಲ್ ಸುಮಾರು ಅರ್ಧಕ್ಕೆ ಇಳಿದುದರ ಆಧಾರದ ಮೇಲೆ, ಆಘಾತಗಳು ತಗ್ಗಿದ್ದರ ಮೇಲಲ್ಲ. ಅಲ್ಲದೆ, ಒಗ್ಗದಿದ್ದರೆ ಪೆನ್ನನ್ನು ನಿಲ್ಲಿಸಿ ಕೆಲವು ವಾರ ಕಾದರೆ ಸಾಕು. ಇನ್‌ಕ್ಲಿಸಿರಾನ್ ಒಮ್ಮೆ ಒಳಹೊಕ್ಕರೆ ತಿಂಗಳುಗಟ್ಟಲೆ ಅದರೊಂದಿಗೇ ಇರಬೇಕು. ಚುಚ್ಚಿದ ಜಾಗದ ನೋವು ನನಗೆ ಇದರಲ್ಲೇ ತುಸು ಹೆಚ್ಚೆನಿಸಿತು.

ಫ್ರಿಜ್ಜಿನ ಕಾವಲಿನಿಂದ ಬಿಡುಗಡೆ ಬೇಕೆನ್ನುವವರಿಗೆ ಇನ್‌ಕ್ಲಿಸಿರಾನ್ ಅನ್ನೇ ಸೂಚಿಸುತ್ತೇನೆ. ಮೊದಲ ಡೋಸ್, ಮೂರು ತಿಂಗಳಿಗೆ ಎರಡನೆಯದು, ಅನಂತರ ಆರು ತಿಂಗಳಿಗೊಂದು. ನೆನಪಿಸಲು ಮನೆಯಲ್ಲಿ ಪೆನ್ನಿನ ಡಬ್ಬಿಯಿರುವುದಿಲ್ಲವಾದ್ದರಿಂದ ದಿನಾಂಕ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಮೂರು ತಿಂಗಳಿಗಿಂತ ಹೆಚ್ಚು ತಡವಾದರೆ ಇಡೀ ಸರಣಿಯನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ.