ಹಳೆಯ ಜಿಟಿಎಕ್ಸ್ 1060ರ ಜಾಗದಲ್ಲಿ ಮೂರು ಕಾರ್ಡ್‌ಗಳನ್ನು ಹಾಕಿ ನೋಡಿದೆ

ನನ್ನ ಕಂಪ್ಯೂಟರ್‌ನಲ್ಲಿದ್ದದ್ದು 6 ಜಿಬಿ ಮೆಮೊರಿಯ ಜಿಟಿಎಕ್ಸ್ 1060, ಅಂದರೆ ಎನ್ವಿಡಿಯಾ ಕಂಪನಿಯ 2016ರ ಪೀಳಿಗೆಯ ಗ್ರಾಫಿಕ್ಸ್ ಕಾರ್ಡ್, ಪರದೆಯ ಚಿತ್ರಗಳನ್ನು ಲೆಕ್ಕಹಾಕಿ ಬರೆಯುವ ಭಾಗ. ಹಗಲು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಒಳಾಂಗಣ ದೃಶ್ಯಗಳ ರೆಂಡರಿಂಗ್ (ಮಾದರಿಯಿಂದ ಪೂರ್ಣ ಚಿತ್ರ ತಯಾರಿಸುವುದು), ರಾತ್ರಿ ಒಂದೆರಡು ಗಂಟೆ ಆಟ. ಹೀಗೆ ವರ್ಷಗಟ್ಟಲೆ ಅದನ್ನು ದುಡಿಸಿಕೊಂಡಿದ್ದೇನೆ, ಅದು ಒಮ್ಮೆಯೂ ಕೈಕೊಟ್ಟಿಲ್ಲ. ಆದರೂ ಎರಡು ವಿಷಯಗಳು ಕಾಡತೊಡಗಿದ್ದವು. ಒಂದು ಚಿತ್ರ ರೆಂಡರ್ ಆಗಲು ಹನ್ನೆರಡು ನಿಮಿಷ ಕಾಯಬೇಕಿತ್ತು. ಜೊತೆಗೆ, ಎನ್ವಿಡಿಯಾ ಈ ಪೀಳಿಗೆಯ ಕಾರ್ಡ್‌ಗಳಿಗೆ ಹೊಸ ಆಟಗಳಿಗೆ ಹೊಂದಿಸಿದ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿ, 2028ರ ಅಕ್ಟೋಬರ್‌ವರೆಗೆ ಭದ್ರತಾ ಪರಿಷ್ಕರಣೆಗಳನ್ನಷ್ಟೇ ಕೊಡುವುದಾಗಿ ಪ್ರಕಟಿಸಿತು.

ಬೇರೆಯವರ ಅಂಕಿಅಂಶಗಳನ್ನು ನೋಡಿ ಕೊಳ್ಳಲು ಮನಸ್ಸಾಗಲಿಲ್ಲ. ಅವರು ಪರೀಕ್ಷೆ ಮಾಡುವುದು ಆ ಹೊತ್ತಿನ ಅತಿ ವೇಗದ ಪ್ರೊಸೆಸರ್ ಜೊತೆಗೆ. ನನ್ನದು ಎಎಂಡಿ ಕಂಪನಿಯ 2018ರ ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್. ಹಾಗಾಗಿ ತಮ್ಮನಿಂದ ಎಎಂಡಿಯ ಆರ್‌ಎಕ್ಸ್ 6600, ಗೆಳೆಯನಿಂದ ಎನ್ವಿಡಿಯಾದ 12 ಜಿಬಿಯ ಆರ್‌ಟಿಎಕ್ಸ್ 3060, ಸಹೋದ್ಯೋಗಿಯಿಂದ ಎನ್ವಿಡಿಯಾದ್ದೇ ಆರ್‌ಟಿಎಕ್ಸ್ 4060 ಕೇಳಿ ತಂದೆ. ಒಂದೊಂದನ್ನೂ ವಾರದ ಮಟ್ಟಿಗೆ ನನ್ನ ಯಂತ್ರದಲ್ಲೇ ಇಟ್ಟುಕೊಂಡೆ.

ಅದಕ್ಕೂ ಮೊದಲು ಹಳೆಯ ಕಾರ್ಡಿಗೆ ನ್ಯಾಯ ಸಲ್ಲಬೇಕಿತ್ತು. ಹೊರತೆಗೆದು ಹಿಂಬದಿಯ ನಾಲ್ಕು ತಿರುಪು ಬಿಚ್ಚಿ ಬಿಸಿ ಹೀರುವ ಹೀಟ್‌ಸಿಂಕ್ ಎತ್ತಿದಾಗ, ಚಿಪ್ಪಿನ ಬಿಸಿಯನ್ನು ಅದಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ, ಉಗುರು ತಾಗಿಸಿದರೆ ಸುಣ್ಣದ ಹಾಗೆ ಉದುರುತ್ತಿತ್ತು. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಂಡು ಕೂತಿತ್ತು. ಬ್ರಷ್ಷಿನಿಂದ ಧೂಳು ತೆಗೆದು, ಚಿಪ್ಪನ್ನು ಸ್ಪಿರಿಟ್‌ನಲ್ಲಿ ಒರೆಸಿ, ಅಕ್ಕಿಕಾಳಿಗಿಂತ ತುಸು ದೊಡ್ಡದಾಗಿ ಹೊಸ ಪೇಸ್ಟ್ ಇಟ್ಟು ಮುಚ್ಚಿದೆ. ಈ ಕಾರ್ಡ್ 83 ಡಿಗ್ರಿಯ ಹತ್ತಿರ ಬಂದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ನನ್ನದು ಎಷ್ಟೋ ದಿನಗಳಿಂದ ಆ ಗೆರೆಯ ಮೇಲೆಯೇ ಓಡುತ್ತಿದ್ದಿರಬೇಕು. ಶುಚಿಯಾದ ಮೇಲೆ 71ಕ್ಕೆ ಇಳಿಯಿತು. ಒಂದೇ ಆಟದ ಒಂದೇ ಬೀದಿಯಲ್ಲಿ ಸೆಕೆಂಡಿಗೆ 37 ಫ್ರೇಮ್ (ಪರದೆಯ ಚಿತ್ರಗಳು) ಬರುತ್ತಿದ್ದುದು 42ಕ್ಕೆ ಏರಿತು. ಕಾರ್ಡ್ ಹಳೆಯದಾಯಿತು ಎಂದು ಕೊರಗುವವರು ಮೊದಲು ಈ ಒಂದು ಸಂಜೆಯ ಕೆಲಸ ಮಾಡಲಿ ಎಂದು ಮನಸಾರೆ ಹೇಳುತ್ತೇನೆ.

ಆಟದ ಪರೀಕ್ಷೆಗೆ ಸೈಬರ್‌ಪಂಕ್ 2077 ಆರಿಸಿಕೊಂಡೆ. 1080ಪಿ (1920×1080 ಪಿಕ್ಸೆಲ್) ಪರದೆ, ಗುಣಮಟ್ಟ ಹೈ, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ಇಲ್ಲ. ಜನಜಂಗುಳಿಯ ಒಂದೇ ಮಾರುಕಟ್ಟೆಯಲ್ಲಿ, ಒಂದೇ ದಾರಿಯಲ್ಲಿ, ಪ್ರತಿ ಕಾರ್ಡಿನಲ್ಲೂ ಮೂರು ಸಲ ನಡೆದೆ. 3060ರಲ್ಲಿ ಸರಾಸರಿ 63 ಫ್ರೇಮ್, 4060ರಲ್ಲಿ 66, ಆರ್‌ಎಕ್ಸ್ 6600ರಲ್ಲಿ 68.

ಈ ಅಂಕಿಗಳನ್ನು ಬರೆದಿಟ್ಟುಕೊಂಡು ಬಹಳ ಹೊತ್ತು ನೋಡುತ್ತ ಕೂತೆ. ಮೂರರಲ್ಲಿ ಎಲ್ಲಕ್ಕಿಂತ ಶಕ್ತಿವಂತವಾದ 4060, ತನಗಿಂತ ಸಾಕಷ್ಟು ಕೆಳಗಿರುವ 6600ರ ಹಿಂದೆ ಬಿದ್ದಿದೆ. ಕಾರ್ಡ್ ಎಷ್ಟು ದುಡಿಯುತ್ತಿದೆ ಎಂದು ನೋಡಿದರೆ ಗುಟ್ಟು ತಿಳಿಯಿತು. 1060 ಇದ್ದಾಗ ಬಳಕೆ 99 ಪ್ರತಿಶತ ಇತ್ತು. 4060 ಹಾಕಿದಾಗ ಅದು 65ರ ಆಸುಪಾಸಿನಲ್ಲೇ ತೂಗಾಡುತ್ತಿತ್ತು. ಕಾರ್ಡ್ ಕೈಕಟ್ಟಿ ಕೂತಿತ್ತು, ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಬೀದಿಯಲ್ಲಿರುವ ಪ್ರತಿಯೊಬ್ಬರ ಚಲನೆಯನ್ನೂ ಲೆಕ್ಕಹಾಕಿ, ಏನೇನು ಬರೆಯಬೇಕೆಂದು ಪ್ರೊಸೆಸರ್ ಕಾರ್ಡಿಗೆ ಹೇಳಬೇಕು. ಅದು ಹೇಳುವುದೇ ತಡವಾದರೆ ಕಾರ್ಡ್ ಎಷ್ಟು ವೇಗದ್ದಾದರೇನು? 6600 ಒಂದೆರಡು ಫ್ರೇಮ್ ಮುಂದಿದ್ದುದಕ್ಕೂ ಇದೇ ನಂಟು: ಡೈರೆಕ್ಟ್‌ಎಕ್ಸ್ 12 (ಆಟ ಕಾರ್ಡಿನೊಡನೆ ಮಾತಾಡುವ ಮಾಧ್ಯಮ) ಬಳಸುವ ಆಟಗಳಲ್ಲಿ ಎಎಂಡಿಯ ಡ್ರೈವರ್ ಪ್ರೊಸೆಸರ್ ಮೇಲೆ ಹೊರಿಸುವ ಭಾರ ಎನ್ವಿಡಿಯಾದಕ್ಕಿಂತ ಕಡಿಮೆ. ವೇಗದ ಪ್ರೊಸೆಸರ್ ಇರುವವರಿಗೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ.

ನಿಮ್ಮ ಯಂತ್ರ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯಲು ಕಾರ್ಡ್ ಎರವಲು ತರಬೇಕಾಗಿಲ್ಲ. ಆಟದ ರೆಸಲ್ಯೂಶನ್ (ಚಿತ್ರದ ಪಿಕ್ಸೆಲ್ ಅಳತೆ) ಅನ್ನು 720ಪಿಗೆ ಇಳಿಸಿ ನೋಡಿ. ಫ್ರೇಮ್‌ಗಳು ಜಿಗಿದು ಏರಿದರೆ ಅಡ್ಡಿಯಾಗಿರುವುದು ಕಾರ್ಡ್, ಇದ್ದಲ್ಲೇ ಇದ್ದರೆ ಪ್ರೊಸೆಸರ್. ನನ್ನ 1060ರಲ್ಲಿ ಹೀಗೆ ಮಾಡಿದಾಗ 42ರಿಂದ 64ಕ್ಕೆ ಏರಿ ಅಲ್ಲೇ ನಿಂತಿತ್ತು. ಹೊಸ ಕಾರ್ಡ್ ಹಾಕಿದರೆ ಎಷ್ಟು ದೂರ ಹೋಗಬಹುದು ಎಂಬುದನ್ನು ಹಳೆಯ ಕಾರ್ಡೇ ಮೊದಲೇ ತೋರಿಸಿಕೊಟ್ಟಿತ್ತು. ನಾನು ಈ ಪರೀಕ್ಷೆ ಮಾಡಿದ್ದು ಮೂರು ಕಾರ್ಡ್‌ಗಳೂ ಮನೆಗೆ ಬಂದ ಮೇಲೆ.

ಹಾಗಾಗಿ ಹೋಲಿಕೆಗೆ ನಾಲ್ಕನೆಯದೊಂದು ದಾರಿ ಸೇರಿಕೊಂಡಿತು. ಕಾರ್ಡಿಗೂ ಮೊದಲು ಪ್ರೊಸೆಸರ್ ಬದಲಿಸುವುದು. ಬಿ450 ಬೋರ್ಡಿಗೆ ಬಯೋಸ್ (ಬೋರ್ಡಿನ ಒಳ ತಂತ್ರಾಂಶ) ಪರಿಷ್ಕರಿಸಿದರೆ ರೈಜೆನ್ 5 5600 ಅದೇ ಸಾಕೆಟ್ಟಿನಲ್ಲಿ ಕೂರುತ್ತದೆ. ಮೆಮೊರಿ, ಬೋರ್ಡ್ ಯಾವುದನ್ನೂ ಬದಲಿಸಬೇಕಾಗಿಲ್ಲ. ಅದನ್ನು ಕೊಂಡು ಹಾಕಿ, ಮತ್ತೆ ಅದೇ ಮಾರುಕಟ್ಟೆಯಲ್ಲಿ ನಡೆದೆ. 3060ಕ್ಕೂ 6600ಕ್ಕೂ 76 ಫ್ರೇಮ್, 4060ಕ್ಕೆ 90. ಈಗ ಕಾರ್ಡ್‌ಗಳ ನಿಜವಾದ ಅಂತರ ಹೊರಬಿತ್ತು. ಅದಕ್ಕಿಂತ ಹೆಚ್ಚಾಗಿ, ತಿರುವಿನಲ್ಲಿ ಪರದೆ ತಡವರಿಸುತ್ತಿದ್ದುದು ನಿಂತಿತು. ಸರಾಸರಿ ಅಂಕಿಯಲ್ಲಿ ಕಾಣದ ಆ ತಡವರಿಕೆಯೇ ಆಡುವಾಗ ಕೈಗೆ ತಿಳಿಯುವುದು.

ಇಷ್ಟಕ್ಕೇ ನಿಲ್ಲಿಸಿದ್ದರೆ 4060ಯೇ ಗೆದ್ದಂತೆ. ಆದರೆ ನನ್ನ ಹೊಟ್ಟೆಪಾಡು ಬ್ಲೆಂಡರ್. ಅಲ್ಲಿ ಲೆಕ್ಕವೇ ಬೇರೆ.

ಮೊದಲು ಸಣ್ಣ ದೃಶ್ಯ: ಒಂದು ಕೋಣೆ, ಒಂದು ಕಿಟಕಿ, ನಾಲ್ಕಾರು ಪೀಠೋಪಕರಣ. 1060ರಲ್ಲಿ 12 ನಿಮಿಷ ಹಿಡಿದದ್ದು 6600ರಲ್ಲಿ ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ, 3060ರಲ್ಲಿ 2 ನಿಮಿಷ, 4060ರಲ್ಲಿ ಒಂದೂವರೆ ನಿಮಿಷ. ಆಟದಲ್ಲಿ ಹೆಗಲೆಣೆಯಾಗಿದ್ದ 6600 ಇಲ್ಲಿ ಇಷ್ಟು ಹಿಂದುಳಿಯಲು ಕಾರಣವಿದೆ. ಬೆಳಕಿನ ಕಿರಣ ಎಲ್ಲಿ ತಾಗುತ್ತದೆ ಎಂದು ಹುಡುಕುವುದಕ್ಕೆಂದೇ ಎನ್ವಿಡಿಯಾದ ಆರ್‌ಟಿಎಕ್ಸ್ ಕಾರ್ಡ್‌ಗಳಲ್ಲಿ ಪ್ರತ್ಯೇಕ ಘಟಕಗಳಿವೆ, ಬ್ಲೆಂಡರ್ ಅವನ್ನು ಎನ್ವಿಡಿಯಾದ ಆಪ್ಟಿಕ್ಸ್ ತಂತ್ರಾಂಶದ ಮೂಲಕ ಚೆನ್ನಾಗಿ ದುಡಿಸಿಕೊಳ್ಳುತ್ತದೆ. ಎಎಂಡಿಯ ಕಾರ್ಡ್‌ಗಳನ್ನು ದುಡಿಸುವ ಹಿಪ್ ಎಂಬ ದಾರಿ ಬ್ಲೆಂಡರ್‌ಗೆ ಬಂದದ್ದೇ 2021ರ ಕೊನೆಯಲ್ಲಿ, 3.0 ಆವೃತ್ತಿಯ ಜೊತೆ. ರೆಂಡರಿಂಗ್ ಕೆಲಸ ಇರುವವರಿಗೆ 6600 ಬೇಡ. ಬರೀ ಆಟಕ್ಕಾದರೆ ಅದು ಸಜ್ಜನ ಕಾರ್ಡ್, ತಮ್ಮನಿಗೆ ನಾನು ಬದಲಿಸು ಎಂದು ಹೇಳಲಾರೆ.

ನಂತರ ನಿಜವಾದ ಕೆಲಸದ ದೃಶ್ಯ: ಗೋಡೆ ತುಂಬ ಪುಸ್ತಕಗಳಿರುವ ಒಂದು ಗ್ರಂಥಾಲಯ, ಮರದ ನೆಲ, ರತ್ನಗಂಬಳಿ, ಚರ್ಮದ ಕುರ್ಚಿಗಳು. ಇದರ ಟೆಕ್ಸ್ಚರ್‌ಗಳೆಲ್ಲ (ವಸ್ತುಗಳ ಮೇಲ್ಮೈಗೆ ಅಂಟಿಸುವ ಚಿತ್ರಗಳು) 4096×4096 ಪಿಕ್ಸೆಲ್ ಅಳತೆಯವು. ಡಿಸ್ಕಿನಲ್ಲಿ ಒಂದೊಂದು ಚಿತ್ರ ಕೆಲವೇ ಎಂಬಿ ಇರುತ್ತದೆ. ಆದರೆ ಕಾರ್ಡಿನ ಮೆಮೊರಿಗೆ ಹೋಗುವಾಗ ಅದು ಮಡಿಕೆ ಬಿಚ್ಚಿದ ಬಟ್ಟೆಯಂತೆ ಹರಡಿಕೊಳ್ಳುತ್ತದೆ. ಬಣ್ಣದ ಚಿತ್ರವಾದರೆ ಪಿಕ್ಸೆಲ್‌ಗೆ 4 ಬೈಟ್‌ನಂತೆ ಒಂದಕ್ಕೇ 64 ಎಂಬಿ. ಇಂಥ 120 ಚಿತ್ರಗಳಿಗೆ ಏಳೂವರೆ ಜಿಬಿ ಆಯಿತು. ವಸ್ತುಗಳ ಆಕಾರದ ಮಾಹಿತಿ, ಪರದೆ ತೋರಿಸಲು ವಿಂಡೋಸ್ ಹಿಡಿದಿಟ್ಟುಕೊಳ್ಳುವ ಪಾಲು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

3060 ತನ್ನ 12 ಜಿಬಿಯಲ್ಲಿ ಇದನ್ನೆಲ್ಲ ತುಂಬಿಕೊಂಡು ಐದು ನಿಮಿಷದಲ್ಲಿ ಚಿತ್ರ ಕೊಟ್ಟಿತು. 4060 ಅದಕ್ಕಿಂತ ವೇಗದ ಕಾರ್ಡ್, ಆದರೆ 8 ಜಿಬಿಯದು. ಒಳಗೆ ಹಿಡಿಸದ ಟೆಕ್ಸ್ಚರ್‌ಗಳನ್ನು ಬ್ಲೆಂಡರ್ ಕಂಪ್ಯೂಟರ್‌ನ ಮುಖ್ಯ ಮೆಮೊರಿಯಲ್ಲಿ ಇಟ್ಟು ಓಡಿಸಿತು. ಸಮಯ ಒಂಬತ್ತು ನಿಮಿಷ. ಮರುದಿನ ಬ್ರೌಸರ್ ಮತ್ತು ಚಿತ್ರ ತಿದ್ದುವ ತಂತ್ರಾಂಶ ತೆರೆದಿಟ್ಟುಕೊಂಡೇ ರೆಂಡರ್ ಒತ್ತಿದೆ. ಅರ್ಧಕ್ಕೆ ನಿಂತು, ಜಿಪಿಯು (ಕಾರ್ಡ್) ಮೆಮೊರಿ ಮುಗಿದಿದೆ ಎಂಬ ಸಾಲು ಪರದೆಯ ಮೇಲೆ ಮೂಡಿತು. ಕಾರ್ಡಿನ ತಪ್ಪಲ್ಲ, ಅದರ ಅಳತೆಗೆ ಮೀರಿದ ದೃಶ್ಯ ಕೊಟ್ಟವನು ನಾನು. ಆದರೆ ನನ್ನ ಕೆಲಸದಲ್ಲಿ ಬರುವ ದೃಶ್ಯಗಳು ಅಂಥವೇ.

ಒಳಗೆ ಹಿಡಿಸದಿದ್ದಾಗ ಯಾಕೆ ಇಷ್ಟು ನಿಧಾನವಾಗುತ್ತದೆ ಎಂಬುದನ್ನೂ ಹೇಳಬೇಕು, ಏಕೆಂದರೆ ಹಳೆಯ ಬೋರ್ಡ್ ಇರುವವರಿಗೆ ಇದು ದೊಡ್ಡ ಪೆಟ್ಟು. 4060 ಮತ್ತು 6600 ಎರಡೂ ಮದರ್‌ಬೋರ್ಡಿನ ಸ್ಲಾಟಿನಲ್ಲಿ 16ರ ಬದಲು 8 ಲೇನ್‌ಗಳನ್ನಷ್ಟೇ (ಮಾಹಿತಿ ಹರಿಯುವ ಸಾಲುಗಳು) ಬಳಸುತ್ತವೆ. ಆ ಸ್ಲಾಟಿನ ವೇಗದ ಆವೃತ್ತಿಯಾದ ಪಿಸಿಐ ಎಕ್ಸ್‌ಪ್ರೆಸ್ 4.0 ಇರುವ ಬೋರ್ಡಿನಲ್ಲಿ ಅದೊಂದು ಕೊರತೆಯೇ ಅಲ್ಲ. ನನ್ನದು 3.0. ಅಲ್ಲಿ 8 ಲೇನ್ ಎಂದರೆ ಸೆಕೆಂಡಿಗೆ 8 ಜಿಬಿಗೂ ತುಸು ಕಡಿಮೆ. 4060ರ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 272 ಜಿಬಿ. ಮೆಮೊರಿ ತುಂಬದಿರುವ ತನಕ ಈ ಕಿರುದಾರಿ ಯಾರಿಗೂ ಅಡ್ಡಿಯಲ್ಲ. ತುಂಬಿದ ಕ್ಷಣದಿಂದ ಎಲ್ಲವೂ ಅದರ ಮೂಲಕವೇ ಹೋಗಿಬರಬೇಕು. 3060 ಪೂರ್ತಿ 16 ಲೇನ್ ಬಳಸುತ್ತದೆ, ಮೆಮೊರಿಯ ವೇಗವೂ 360 ಜಿಬಿ. ಕಾಗದದ ಮೇಲೆ ಹಳೆಯ ಕಾರ್ಡ್, ನನ್ನ ಬೋರ್ಡಿಗೆ ಮಾತ್ರ ಅದೇ ಒಗ್ಗಿತು.

ಎನ್ವಿಡಿಯಾದ ಡಿಎಲ್‌ಎಸ್‌ಎಸ್ ವಿಷಯದಲ್ಲಿ ಹೆಚ್ಚು ಹೇಳಲಾರೆ. ಕಡಿಮೆ ರೆಸಲ್ಯೂಶನ್‌ನಲ್ಲಿ ಬರೆದು ಹಿಗ್ಗಿಸುವ ಈ ಸೌಲಭ್ಯ 3060, 4060 ಎರಡರಲ್ಲೂ ಇದೆ, ಎಎಂಡಿಯ ಇಂಥದೇ ಸೌಲಭ್ಯ ಎಫ್‌ಎಸ್‌ಆರ್ ನನ್ನ 1060ರಲ್ಲೂ ಓಡುತ್ತದೆ. ಎರಡು ಫ್ರೇಮ್‌ಗಳ ನಡುವೆ ಹೊಸದೊಂದನ್ನು ಹುಟ್ಟಿಸುವ ಡಿಎಲ್‌ಎಸ್‌ಎಸ್ 3 ಮಾತ್ರ 4060ಕ್ಕಿದೆ, 3060ಕ್ಕಿಲ್ಲ. ಅಂಕಿ ದೊಡ್ಡದಾಗಿ ಕಾಣುತ್ತದೆ, ಆದರೆ ಮೌಸ್ ಅಲುಗಿಸಿದ್ದು ಪರದೆಗೆ ತಲುಪುವ ಹೊತ್ತು ಕಡಿಮೆಯಾಗುವುದಿಲ್ಲ. ಅದಕ್ಕಾಗಿ ಕಾರ್ಡ್ ಬದಲಿಸಬೇಡಿ. ವೀಡಿಯೊ ಮಾಡುವವರು ಗಮನಿಸಬೇಕಾದದ್ದು ಬೇರೆ: ಎವಿ1 ಎಂಬ ಕುಗ್ಗಿಸುವ ವಿಧಾನದಲ್ಲಿ ವೀಡಿಯೊ ತಯಾರಿಸುವ ಯಂತ್ರಾಂಶ ಈ ಮೂರರಲ್ಲಿ 4060ರಲ್ಲಿ ಮಾತ್ರ ಇದೆ, ಉಳಿದೆರಡು ಅಂಥ ವೀಡಿಯೊವನ್ನು ತೋರಿಸಬಲ್ಲವು, ಅಷ್ಟೆ.

ವಿದ್ಯುತ್ತಿನಲ್ಲೂ 4060ಯೇ ಮೇಲು. ಅದರ ಮಿತಿ 115 ವಾಟ್, ನನ್ನ ಹಳೆಯ 1060ರ 120ಕ್ಕಿಂತಲೂ ಕಡಿಮೆ. 6600ಕ್ಕೆ 132, 3060ಕ್ಕೆ 170. ನನ್ನ 450 ವಾಟಿನ ಪವರ್ ಸಪ್ಲೈ ಮೂರನ್ನೂ ತಡೆದುಕೊಂಡಿತು. ಇಷ್ಟು ವರ್ಷ ಆರು ಪಿನ್ನಿನ ಪ್ಲಗ್ಗಿನ ಪಕ್ಕದಲ್ಲಿ ಸುಮ್ಮನೆ ತೂಗಾಡುತ್ತಿದ್ದ ಎರಡು ಪಿನ್ನಿನ ತುಂಡು ಯಾಕಿದೆ ಎಂದು ಈಗ ತಿಳಿಯಿತು, ಎರಡನ್ನೂ ಜೋಡಿಸಿದರೆ ಎಂಟು ಪಿನ್. ತೊಂದರೆ ಕೊಟ್ಟದ್ದು ಉದ್ದ. ಗೆಳೆಯನ 3060ರ ತುದಿ ಹಾರ್ಡ್ ಡಿಸ್ಕಿನ ಗೂಡಿಗೆ ತಾಗಿ, ಹಿಂಬದಿಯ ತಗಡು ಕ್ಯಾಬಿನೆಟ್ಟಿನ ಕಿಂಡಿಗೆ ಒಂದು ಬೆರಳಿನಷ್ಟು ದೂರದಲ್ಲೇ ನಿಂತಿತು. ಗೂಡಿನ ತಿರುಪುಗಳನ್ನು ಬಿಚ್ಚಿ, ಡಿಸ್ಕನ್ನು ಕೆಳಗಿನ ಅಂಕಣಕ್ಕೆ ಇಳಿಸಿ, ಮತ್ತೆ ಕೂರಿಸಿದಾಗ ಸ್ಲಾಟಿನ ಕೊಂಡಿ ಟಕ್ ಎಂದಿತು. ಕೊಳ್ಳುವ ಮುನ್ನ ಟೇಪು ಹಿಡಿದು ಕ್ಯಾಬಿನೆಟ್ಟಿನ ಒಳಗೆ ಅಳೆಯಿರಿ.

ಆಟವಷ್ಟೇ ಆಡುವವರು, ಇತ್ತೀಚಿನ ಪ್ರೊಸೆಸರ್ ಮತ್ತು 4.0 ಬೋರ್ಡ್ ಇರುವವರು 1060ರಿಂದ 4060ಕ್ಕೆ ಹೋದರೆ ಆ ಬದಲಾವಣೆ ಸಾರ್ಥಕ. ಈಗಾಗಲೇ 6600 ಅಥವಾ 3060 ಇಟ್ಟುಕೊಂಡವರಿಗೆ ಅದೇ ಮಾತು ಹೇಳಲಾರೆ, 76 ಫ್ರೇಮ್ 90 ಆದದ್ದು ಅಳೆದರೆ ಸಿಗುತ್ತದೆ, ಆಡುವಾಗ ನನಗೆ ಸಿಗಲಿಲ್ಲ. ಹಳೆಯ ಪ್ರೊಸೆಸರ್ ಇರುವವರು ಮೊದಲು 720ಪಿ ಪರೀಕ್ಷೆ ಮಾಡಲಿ.

ನಾನು 3060ನ್ನು ಗೆಳೆಯನಿಗೆ ಮರಳಿಸಲಿಲ್ಲ, ಅವನಿಂದಲೇ ಕೊಂಡೆ. ಅವನು ಲ್ಯಾಪ್‌ಟಾಪ್ ಹಿಡಿದ ಮೇಲೆ ಅದು ಪೆಟ್ಟಿಗೆಯಲ್ಲೇ ಇತ್ತು. ಗ್ರಂಥಾಲಯದ ದೃಶ್ಯಕ್ಕೆ ಮೊನ್ನೆ ಇನ್ನೆರಡು ಕಪಾಟು ಸೇರಿಸಿದೆ, ಮೆಮೊರಿ ಬಳಕೆ ಹತ್ತೂವರೆ ಜಿಬಿ ಮುಟ್ಟಿತು, ಚಿತ್ರ ಪೂರ್ತಿಯಾಗಿ ಬಂತು. 1060 ಈಗ ತಂಗಿಯ ಕಂಪ್ಯೂಟರ್‌ನಲ್ಲಿದೆ. ಅವಳ ಎರಡು ಪರದೆಗಳನ್ನು ಅದು ನಡೆಸುತ್ತಿದೆ, ಫ್ಯಾನ್ ತಿರುಗುತ್ತಿದೆಯೇ ಎಂದು ಕಿವಿಗೊಟ್ಟು ಕೇಳಬೇಕು, ಅಷ್ಟು ತಣ್ಣಗಿದೆ.