ಫ್ರೆಂಚ್ ಕ್ರಿಯಾಪದ ಕಲಿಕೆ: ಕೋಷ್ಟಕವೋ, ಕಾರ್ಡೋ, ಕಿವಿಯೋ?

ಫ್ರೆಂಚ್ ಕ್ರಿಯಾಪದಗಳ ರೂಪಗಳನ್ನು ಕಲಿಯಲು ನಾನು ಮೂರು ಮಾರ್ಗಗಳನ್ನು ಅನುಸರಿಸಿ ನೋಡಿದ್ದೇನೆ: ಕೋಷ್ಟಕ ಬರೆದು ಬಾಯಿಪಾಠ ಮಾಡುವುದು, ಪ್ರಶ್ನೆ-ಉತ್ತರಗಳನ್ನು ಮತ್ತೆ ಮತ್ತೆ ತೋರಿಸಿ ನೆನಪಿಸುವ ಆಂಕಿ ಆ್ಯಪ್‌ನ ಕಾರ್ಡುಗಳಲ್ಲಿ ಅಭ್ಯಾಸ ಮಾಡುವುದು, ಪುಸ್ತಕ ಮುಚ್ಚಿಟ್ಟು ಧ್ವನಿಪಾಠ ಕೇಳುತ್ತ ವಾಕ್ಯಗಳನ್ನು ಗಟ್ಟಿಯಾಗಿ ಹೇಳುವುದು. ಹೊಸದಾಗಿ ಕಲಿಯುವವರು ಮೂರನೆಯದರಿಂದಲೇ ಆರಂಭಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಕಾರಣ ಆ ಭಾಷೆಯ ಸ್ವರೂಪದಲ್ಲೇ ಇದೆ. ಮಾತನಾಡು ಎಂಬ ಅರ್ಥದ ‘ಪಾರ್ಲೇ’ ಕ್ರಿಯಾಪದದ ವರ್ತಮಾನಕಾಲದ ಕೋಷ್ಟಕದಲ್ಲಿ ಆರು ಸಾಲುಗಳಿದ್ದು, ಅವುಗಳಲ್ಲಿ ಐದು ಬಗೆಯ ಬರವಣಿಗೆ ಕಾಣುತ್ತದೆ. ಆದರೆ ಕಿವಿಗೆ ಬೀಳುವುದು ಪಾರ್ಲ್, ಪಾರ್ಲೋಂ, ಪಾರ್ಲೇ ಎಂಬ ಮೂರೇ ರೂಪಗಳು. ನಾನು, ನೀನು, ಅವನು, ಅವರು ಎಲ್ಲಕ್ಕೂ ‘ಪಾರ್ಲ್’ ಒಂದೇ, ಏಕೆಂದರೆ ಕೊನೆಯಲ್ಲಿ ಬರೆಯುವ ಎಸ್ ಆಗಲಿ ಇ-ಎನ್-ಟಿ ಆಗಲಿ ಉಚ್ಚಾರವಾಗುವುದಿಲ್ಲ. ಆಡುಮಾತಿನಲ್ಲಿ ‘ನಾವು’ ಎನ್ನಲು ‘ನೂ’ ಬದಲು ಹೆಚ್ಚಾಗಿ ‘ಒಂ’ ಬಳಸುವುದರಿಂದ ಅಲ್ಲಿಯೂ ‘ಪಾರ್ಲ್’ ಎಂದೇ ಆಗುತ್ತದೆ. ಕನ್ನಡದಲ್ಲಿ ‘ಹೋಗುತ್ತೇನೆ’ ಎಂದರೆ ಹೋಗುವವರು ಯಾರೆಂದು ಆ ಪದವೇ ಹೇಳುತ್ತದೆ. ಫ್ರೆಂಚ್‌ನಲ್ಲಿ ಸರ್ವನಾಮ ಬಿಟ್ಟರೆ ಕರ್ತೃವೇ ಗೊತ್ತಾಗದು. ಆದ್ದರಿಂದ ಸರ್ವನಾಮ ಮತ್ತು ಕ್ರಿಯಾಪದ ಎರಡೂ ಒಂದೇ ಉಸಿರಿನಲ್ಲಿ ನಾಲಿಗೆಗೆ ಬರುವಂತೆ ರೂಢಿಯಾಗಬೇಕು. ಕೇಳಿ ಹೇಳುವ ಅಭ್ಯಾಸದಲ್ಲಿ ಇದು ತಾನಾಗಿಯೇ ಆಗುತ್ತದೆ. ಕೋಷ್ಟಕ ನಕಲು ಮಾಡುವಾಗಲಾದರೋ ಗಮನವೆಲ್ಲ ಪ್ರತ್ಯಯಗಳ ಮೇಲೆಯೇ ನಿಲ್ಲುತ್ತದೆ.

‘ಇಲ್ ಸೋಂ’ ಎಂದರೆ ಅವರು ಇದ್ದಾರೆ, ‘ಇಲ್ ಝೋಂ’ ಎಂದರೆ ಅವರ ಬಳಿ ಇದೆ. ಇವೆರಡರ ನಡುವಿನ ಸ-ಝ ಭೇದವನ್ನು ಯಾವ ಕೋಷ್ಟಕವೂ ಕಲಿಸಿಕೊಡಲಾರದು.

ಕಾರ್ಡುಗಳು ಸಲ್ಲುವುದು ನಿಯಮಕ್ಕೆ ಒಗ್ಗದ ರೂಪಗಳಿಗೆ. ಫ್ರೆಂಚ್ ಕ್ರಿಯಾಪದಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ‘ಪಾರ್ಲೇ’ ಮಾದರಿಯವೇ ಆಗಿರುವುದರಿಂದ ಅವುಗಳಿಗೆ ಕಾರ್ಡು ಮಾಡುವುದು ವ್ಯರ್ಥ. ಆದರೆ ‘ನೀವು’ ಎಂಬ ಅರ್ಥದ ‘ವೂ’ ಜೊತೆಗಿನ ರೂಪಗಳು ಇ-ಝಡ್‌ನಿಂದ ಮುಗಿಯುವುದು ವಾಡಿಕೆಯಾಗಿರುವಾಗ, ‘ಎತ್’ (ಇದ್ದೀರಿ), ‘ಫೆತ್’ (ಮಾಡುತ್ತೀರಿ), ‘ದಿತ್’ (ಹೇಳುತ್ತೀರಿ) ಎಂಬ ಅಪವಾದಗಳು ಪದೇ ಪದೇ ಕಣ್ಣಿಗೆ ಬೀಳದೆ ನೆನಪಿನಲ್ಲಿ ಉಳಿಯುವುದಿಲ್ಲ. ಬಿಡಿ ರೂಪವನ್ನು ಕೇಳುವ ಕಾರ್ಡಿಗಿಂತ, ವಾಕ್ಯದಲ್ಲಿ ಜಾಗ ಬಿಟ್ಟು ತುಂಬಿಸುವ ಕಾರ್ಡು ಎಷ್ಟೋ ಮೇಲು. ಬಿಡಿಯಾಗಿ ಥಟ್ಟನೆ ಹೊಳೆದ ಉತ್ತರ ಮಾತಿನ ನಡುವೆ ಕೈಕೊಡುತ್ತದೆ.

ಹಾಗೆಂದು ಕೋಷ್ಟಕವನ್ನು ತಳ್ಳಿಹಾಕುವಂತಿಲ್ಲ. ಫ್ರೆಂಚ್ ಭಾಷಾಜ್ಞಾನವನ್ನು ಅಳೆಯುವ ಡೆಲ್ಫ್ ಪರೀಕ್ಷೆಯಲ್ಲಿ ಆರಂಭದ ಎ1 ಹಂತದಿಂದಲೇ ಬರವಣಿಗೆಯ ಭಾಗವಿದ್ದು, ಅಲ್ಲಿ ಉಚ್ಚಾರವಾಗದ ಅಕ್ಷರಗಳನ್ನೂ ಸರಿಯಾಗಿ ಬರೆಯಲೇಬೇಕು. ಇದಕ್ಕಿಂತ ಮುಖ್ಯವಾದ ಇನ್ನೊಂದು ಉಪಯೋಗವಿದೆ: ರೂಪಗಳ ನಡುವಿನ ಸಂಬಂಧ ಎದ್ದು ಕಾಣುವುದು ಕೋಷ್ಟಕದಲ್ಲಿ ಮಾತ್ರ. ಕುಡಿ ಎಂಬ ಅರ್ಥದ ‘ಬ್ವಾರ್’ ಕ್ರಿಯಾಪದದಲ್ಲಿ ‘ಝ ಬ್ವಾ’ (ನಾನು), ‘ನೂ ಬ್ಯುವೋಂ’ (ನಾವು), ‘ಇಲ್ ಬ್ವಾವ್’ (ಅವರು) ಎಂದು ಮೂಲವೇ ಬದಲಾಗುತ್ತ ಹೋಗುತ್ತದೆ. ಇವುಗಳಲ್ಲಿ ‘ನೂ’ ರೂಪದ ‘ಓಂ’ ತೆಗೆದು ಬೇರೆ ಪ್ರತ್ಯಯ ಸೇರಿಸಿದರೆ, ‘ಕುಡಿಯುತ್ತಿದ್ದೆ’ ಎನ್ನುವ ಅಪೂರ್ಣ ಭೂತಕಾಲದ ‘ಝ ಬ್ಯುವೆ’ ಸಿದ್ಧವಾಗುತ್ತದೆ. ಈ ಸೂತ್ರಕ್ಕೆ ಒಗ್ಗದ ಮೂಲ ‘ಇರು’ ಎಂಬ ಅರ್ಥದ ‘ಎತ್ರ್’ ಒಂದರದೇ. ಆದ್ದರಿಂದ ವರ್ತಮಾನಕಾಲ ಬಾಯಿಗೆ ಬಂದು ಭೂತಕಾಲಕ್ಕೆ ಕಾಲಿಡುವ ಹೊತ್ತಿಗೆ ಕೋಷ್ಟಕವನ್ನು ತೆರೆಯುವುದು ಸೂಕ್ತ; ಅದಕ್ಕೂ ಮೊದಲು ಬೇಡ.