ದಾಕ್ಷಿಣ್ಯ ಕೆಡದಂತೆ ದೂರ ಸರಿಯಲು ಯಾವುದು ಮೇಲು? ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಟೆಲಿಗ್ರಾಂ

ಸಾಮಾಜಿಕ ಜಾಲತಾಣಗಳಲ್ಲಿ ಯಾವುದು ಉತ್ತಮ ಎಂಬ ಮಾತು ಬಂದಾಗಲೆಲ್ಲ ಎಲ್ಲಿ ಎಷ್ಟು ಜನರಿದ್ದಾರೆ, ಫೋಟೊ ಎಷ್ಟು ಚೆನ್ನಾಗಿ ಕಾಣುತ್ತದೆ, ಜಾಹೀರಾತಿನ ಕಾಟ ಎಲ್ಲಿ ಕಡಿಮೆ ಎಂಬ ಲೆಕ್ಕವೇ ಮುಂದೆ ಬರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಡಿಕೆ ತೋಟ ನೋಡಿಕೊಂಡಿರುವ, ಶಿವಮೊಗ್ಗದಲ್ಲಿ ಜೊತೆಗೆ ಓದಿದ ಗೆಳೆಯರೆಲ್ಲ ಬೆಂಗಳೂರಿಗೋ ಹೊರದೇಶಕ್ಕೋ ಹೋಗಿರುವ ನನ್ನಂಥವನಿಗೆ ಹಲವು ವರ್ಷ ಈ ನಾಲ್ಕನ್ನೂ ಬಳಸಿದ ಮೇಲೆ ಮುಖ್ಯವೆನಿಸಿರುವ ಪ್ರಶ್ನೆ ಬೇರೆಯೇ ಆಗಿದೆ. ಸ್ನೇಹವೂ ಕೆಡಬಾರದು, ದಿನವೆಲ್ಲ ಅದರಲ್ಲೇ ಮುಳುಗಿರಲೂ ಬಾರದು ಎನ್ನುವವನಿಗೆ ಯಾವ ತಾಣ ಸದ್ದಿಲ್ಲದೆ ಹಿಂದೆ ಸರಿಯಲು ಬಿಡುತ್ತದೆ? ಹತ್ತಿರವಾಗುವುದಕ್ಕೆ ನಾಲ್ಕರಲ್ಲಿಯೂ ಬೇಕಾದಷ್ಟು ಗುಂಡಿಗಳಿವೆ. ದೂರ ಸರಿಯುವ ವಿಷಯದಲ್ಲಿ ಮಾತ್ರ ಒಂದರಂತೆ ಒಂದಿಲ್ಲ.

ದೊಡ್ಡ ನಗರದಲ್ಲಿರುವವರಿಗೆ ಈ ಪ್ರಶ್ನೆ ಅಷ್ಟು ಕಾಡದಿರಬಹುದು, ಏಕೆಂದರೆ ಪಟ್ಟಿಯಿಂದ ತೆಗೆದುಹಾಕಿದವರು ಅಲ್ಲಿ ಮತ್ತೆ ಎದುರಾಗುವ ಸಂಭವ ಕಡಿಮೆ. ಮಲೆನಾಡಿನಲ್ಲಿ ಹಾಗಲ್ಲ. ಇಲ್ಲಿ ಬ್ಲಾಕ್ ಮಾಡಿಸಿಕೊಂಡವರು ಸೊಸೈಟಿಯ ಸಭೆಯಲ್ಲಿ ಪಕ್ಕದ ಕುರ್ಚಿಯಲ್ಲಿರುತ್ತಾರೆ, ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತುಂಗೆಯ ದಡದಲ್ಲಿ ಸಿಗುತ್ತಾರೆ, ಇಲ್ಲವೇ ಯಾವುದೋ ಮದುವೆಯ ಪಂಕ್ತಿಯಲ್ಲಿ ನಮ್ಮೆದುರಿನ ಎಲೆಗೇ ಬಂದು ಕೂರುತ್ತಾರೆ. ನನ್ನ ಪರಿಚಯದವರೊಬ್ಬರು ಚುನಾವಣೆಯ ಕಾವಿನಲ್ಲಿ ತಮ್ಮ ದೂರದ ಸಂಬಂಧಿಯೊಬ್ಬರನ್ನು ಫೇಸ್‌ಬುಕ್ ಪಟ್ಟಿಯಿಂದ ಕೈಬಿಟ್ಟಿದ್ದರು. ಗೃಹಪ್ರವೇಶದ ಊಟದಲ್ಲಿ ಆ ಸಂಬಂಧಿಕರು ಪಾಯಸ ಬಡಿಸುತ್ತ ಬಂದು, "ಏನೋ ಮಾರಾಯ, ಫೋನಲ್ಲಿ ಬೇಡದವನು ಬಡಿಸಿದ್ದು ಆಗ್ತದಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಅಕ್ಕಪಕ್ಕದವರು ನಕ್ಕರು. ಪಾಯಸ ಮಾತ್ರ ಎರಡು ಸೌಟು ಹೆಚ್ಚೇ ಬಿತ್ತು.

ಹಾಗೆಂದು ಫೇಸ್‌ಬುಕ್‌ನಲ್ಲಿ ಸರಿಯುವ ದಾರಿ ಇಲ್ಲವೆಂದಲ್ಲ. ನಿಜವಾಗಿ ನಾಲ್ಕರಲ್ಲಿ ಅತಿ ಹೆಚ್ಚು ದಾರಿಗಳಿರುವುದು ಅಲ್ಲಿಯೇ. ಸ್ನೇಹಿತರಾಗಿಯೇ ಉಳಿದು ಅವರ ಬರಹಗಳು ಮಾತ್ರ ಕಣ್ಣಿಗೆ ಬೀಳದಂತೆ ಮಾಡುವ ಅನ್‌ಫಾಲೋ ಇದೆ, ಒಬ್ಬರನ್ನು 30 ದಿನ ಮರೆಯಲ್ಲಿಡುವ ಸ್ನೂಜ್ ಇದೆ. ಇವೆರಡೂ ಎದುರಿನವರಿಗೆ ತಿಳಿಯುವುದಿಲ್ಲ. ಅನ್‌ಫ್ರೆಂಡ್ ಮಾಡಿದರೂ ಸೂಚನೆ ಹೋಗುವುದಿಲ್ಲವಾದರೂ, ಅವರು ಎಂದಾದರೂ ನಮ್ಮ ಪುಟಕ್ಕೆ ಬಂದು ಅಲ್ಲಿ ಮತ್ತೆ ಸ್ನೇಹದ ಕೋರಿಕೆಯ ಗುಂಡಿಯನ್ನು ಕಂಡರೆ ಸಂಗತಿ ಹೊರಬೀಳುತ್ತದೆ. ಚುನಾವಣೆಯ ಕಾಲಕ್ಕೆ ಸ್ನೂಜ್‌ನಷ್ಟು ಒಳ್ಳೆಯ ಸೌಲಭ್ಯ ಮತ್ತೊಂದಿಲ್ಲವೆಂಬುದು ನನ್ನ ಅಭಿಪ್ರಾಯ: ಫಲಿತಾಂಶ ಬಂದು ಕಾವು ಇಳಿಯುವ ಹೊತ್ತಿಗೆ ಅದು ತಾನಾಗಿಯೇ ಮುಗಿದಿರುತ್ತದೆ, ಯಾರು ಯಾರನ್ನು ಮರೆಯಲ್ಲಿಟ್ಟಿದ್ದರೆಂಬುದು ಯಾರಿಗೂ ಗೊತ್ತಾಗುವುದಿಲ್ಲ.

ಫೇಸ್‌ಬುಕ್‌ನ ತೊಂದರೆ ಇರುವುದು ಬೇರೆ ಕಡೆ. ಅಲ್ಲಿ ಒಬ್ಬರಿಗೆ 5,000 ಸ್ನೇಹಿತರವರೆಗೆ ಅವಕಾಶವಿದೆ. ಮನುಷ್ಯನೊಬ್ಬ ನಿಜವಾಗಿ ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150 ಎಂದು ಬ್ರಿಟಿಷ್ ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ 1990ರ ದಶಕದಲ್ಲಿ ವಾದಿಸಿದ್ದಾರೆ. ನಮ್ಮ ಕಡೆಯ ಮದುವೆಯ ಕರೆಯೋಲೆ ಹಂಚುವ ಪಟ್ಟಿಯನ್ನು ನೋಡಿದ್ದರೆ ಅವರು ಸ್ವಲ್ಪ ಅನುಮಾನಿಸುತ್ತಿದ್ದರೇನೋ. ಆದರೆ ಕರೆಯೋಲೆ ತಲುಪಿದವರೆಲ್ಲ ದಿನವೂ ನಮ್ಮ ಜಗಲಿಗೆ ಬಂದು ಕೂರುವವರಲ್ಲ, ಫೇಸ್‌ಬುಕ್‌ನಲ್ಲಿ ಮಾತ್ರ ಎಲ್ಲರೂ ಒಟ್ಟಿಗೆ ಜಗಲಿಯಲ್ಲೇ ಇರುತ್ತಾರೆ. ಕಾಲೇಜಿನ ಗುರುಗಳು, ಅಡಿಕೆ ವ್ಯಾಪಾರಿ, ಅತ್ತೆಯ ಮನೆಯ ಕಡೆಯವರು, ಹಾಸ್ಟೆಲ್ಲಿನ ಕೋಣೆಯಲ್ಲಿ ಜೊತೆಗಿದ್ದ ಗೆಳೆಯ ಇವರೆಲ್ಲರ ಎದುರು ಒಮ್ಮೆಗೇ ಆಡಬಹುದಾದ ಮಾತು ಯಾವುದಿದೆ? ಮಳೆಯ ಫೋಟೊ, ಹಬ್ಬದ ಶುಭಾಶಯ, ನಿಧನ ವಾರ್ತೆ, ಅಷ್ಟೆ. ಯಾವ ಬರಹ ಯಾರಿಗೆ ಕಾಣಬೇಕು ಎಂದು ಪಟ್ಟಿ ಮಾಡಿಕೊಳ್ಳುವ ಅವಕಾಶವೂ ಇದೆ. ಅದನ್ನು ಪ್ರತಿ ಸಲ ಆರಿಸಿ ಬರೆಯುವಷ್ಟು ತಾಳ್ಮೆಯಿರುವವರನ್ನು ನಾನು ಕಂಡಿಲ್ಲ.

ವಾಟ್ಸ್‌ಆ್ಯಪ್ ಗ್ರೂಪಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮಲ್ಲಿ ಬಹುತೇಕ ಸ್ನೇಹಗಳು ಉಳಿದಿರುವುದೂ ಅಲ್ಲೇ, ಹಳಸುತ್ತಿರುವುದೂ ಅಲ್ಲೇ. ಒಂದು ಗ್ರೂಪಿನಲ್ಲಿ ಮೊದಲು 256 ಜನರಿಗೆ ಮಾತ್ರ ಜಾಗವಿತ್ತು. 2022ರಲ್ಲಿ ಅದು 512ಕ್ಕೂ ಅನಂತರ 1,024ಕ್ಕೂ ಏರಿತು. ಆದರೆ ಅದೇ ವರ್ಷ ಬಂದ ಮತ್ತೊಂದು ಬದಲಾವಣೆ ನನ್ನ ದೃಷ್ಟಿಯಲ್ಲಿ ಹೆಚ್ಚು ದೊಡ್ಡದು. ಅದುವರೆಗೆ ಯಾರಾದರೂ ಗ್ರೂಪ್ ಬಿಟ್ಟರೆ ಬಿಟ್ಟರೆಂಬ ಸಾಲು ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಒಡನೆಯೇ "ಯಾಕೆ ಹೋದ? ಯಾರು ಏನಂದ್ರು?" ಎಂಬ ವಿಚಾರಣೆ ಶುರುವಾಗುತ್ತಿತ್ತು, ಸಂಜೆಯೊಳಗೆ ಅಡ್ಮಿನ್ ಫೋನ್ ಮಾಡಿ ಒಲಿಸಿ ಮತ್ತೆ ಸೇರಿಸುತ್ತಿದ್ದರು. ಈಗ ಬಿಟ್ಟ ಸಂಗತಿ ಅಡ್ಮಿನ್‌ಗಳಿಗೆ ಮಾತ್ರ ತಿಳಿಯುತ್ತದೆ. ಆದರೂ ಗುಟ್ಟು ಪೂರ್ಣವಲ್ಲ: ಕಳೆದ 60 ದಿನಗಳಲ್ಲಿ ಯಾರು ಯಾರು ಹೊರಟರೆಂಬ ಪಟ್ಟಿಯನ್ನು ಗ್ರೂಪಿನ ಯಾವ ಸದಸ್ಯರು ಬೇಕಾದರೂ ತೆರೆದು ನೋಡಬಹುದು. ನಮ್ಮೂರಿನಲ್ಲಿ ಅದನ್ನು ತೆರೆದು ನೋಡುವವರಿದ್ದಾರೆ.

ಆದ್ದರಿಂದ ಗ್ರೂಪ್ ಬಿಡುವುದಕ್ಕಿಂತ ಅದನ್ನು ಸದಾಕಾಲಕ್ಕೆ ಮ್ಯೂಟ್ ಮಾಡಿ ಆರ್ಕೈವ್‌ಗೆ ತಳ್ಳುವುದೇ ಮೇಲೆಂದು ನನಗೆ ಅನ್ನಿಸಿದೆ. ಮ್ಯೂಟ್ ಮಾಡಿದ್ದು ಯಾರಿಗೂ ತಿಳಿಯುವುದಿಲ್ಲ. ಆರ್ಕೈವ್‌ಗೆ ಹೋದ ಗ್ರೂಪು ಹೊಸ ಸಂದೇಶ ಬಂದರೂ ಮೇಲೆ ಬರುವುದಿಲ್ಲ. ನಮ್ಮ ಕಾಲೇಜಿನ ಗ್ರೂಪು ಹಾಗೆಯೇ ಇದೆ. ವಾರಕ್ಕೊಮ್ಮೆ ತೆರೆದರೆ ಮುನ್ನೂರೋ ನಾನ್ನೂರೋ ಸಂದೇಶಗಳಿರುತ್ತವೆ, ಅವುಗಳಲ್ಲಿ ನಮ್ಮವರೇ ಬರೆದ ಮಾತು ಹತ್ತಿಪ್ಪತ್ತಕ್ಕಿಂತ ಹೆಚ್ಚಿರುವುದಿಲ್ಲ, ಮಿಕ್ಕಿದ್ದೆಲ್ಲ ಫಾರ್ವರ್ಡ್. ಭಾರತದಲ್ಲಿ 2018ರಿಂದ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಲು ಬರುತ್ತದೆ. 2020ರಿಂದ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಕಡೆಗೆ ಮಾತ್ರ. ಇದರಿಂದ ಪ್ರವಾಹ ಸ್ವಲ್ಪ ತಗ್ಗಿದ್ದು ನಿಜ. ಆದರೂ ಬೇಸಿಗೆ ಬಂದು ಕಾಡಿನಲ್ಲಿ ಮಂಗ ಸತ್ತ ಸುದ್ದಿ ಹಬ್ಬಿದೊಡನೆ ಕ್ಯಾಸನೂರು ಕಾಡಿನ ಕಾಯಿಲೆಯ ಬಗ್ಗೆ ಹಳೆಯ ವರ್ಷದ ಫೋಟೊಗಳು ಹೊಸ ತಾರೀಖು ಹೊತ್ತು ಬರುವುದು ನಿಂತಿಲ್ಲ.

ಶುಭೋದಯದ ಚಿತ್ರಗಳನ್ನು ಗೇಲಿ ಮಾಡುವುದು ವಾಡಿಕೆ. ಆ ಗೇಲಿಗೆ ನನ್ನ ಸಮ್ಮತಿಯಿಲ್ಲ. ನಮ್ಮ ಚಿಕ್ಕಮ್ಮ ಸುತ್ತ ತೋಟ, ಅದರಾಚೆ ಕಾಡು ಇರುವ ಒಂಟಿ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಬೆಳಗ್ಗೆ ಏಳಕ್ಕೆ ಸರಿಯಾಗಿ ಅವರಿಂದ ದಾಸವಾಳದ ಚಿತ್ರವೊಂದು ಕುಟುಂಬದ ಗ್ರೂಪಿಗೆ ಬರುತ್ತದೆ. ಎಂಟಾದರೂ ಬರದಿದ್ದರೆ ನಾವು ಯಾರಾದರೊಬ್ಬರು ಫೋನ್ ಮಾಡುತ್ತೇವೆ. ಆ ಚಿತ್ರಕ್ಕೆ ಉತ್ತರ ಬೇಕಿಲ್ಲ, ಮೆಚ್ಚುಗೆಯೂ ಬೇಕಿಲ್ಲ. ಎದ್ದಿದ್ದೇನೆ, ಕಾಫಿ ಆಯಿತು ಎಂಬ ಸುದ್ದಿಯಷ್ಟೇ ಅದರೊಳಗಿದೆ. ಈ ಕೆಲಸವನ್ನು ಉಳಿದ ಮೂರು ತಾಣಗಳಲ್ಲಿ ಯಾವುದೂ ಇಷ್ಟು ಸಲೀಸಾಗಿ ಮಾಡಲಾರದು.

ನೀಲಿ ಟಿಕ್ಕಿನ ವಿಚಾರಕ್ಕೆ ಬಂದರೆ, ಅದನ್ನು ನಿಲ್ಲಿಸಬಹುದು, ಆದರೆ ಹಾಗೆ ಮಾಡಿದರೆ ಬೇರೆಯವರು ನಮ್ಮದನ್ನು ಓದಿದರೋ ಇಲ್ಲವೋ ಎಂಬುದೂ ನಮಗೆ ಕಾಣುವುದಿಲ್ಲ. ಗ್ರೂಪುಗಳಲ್ಲಿ ಅದು ನಿಲ್ಲುವುದೇ ಇಲ್ಲ, ವಾಯ್ಸ್ ಮೆಸೇಜ್ ಕೇಳಿದ ಗುರುತೂ ಅಳಿಯುವುದಿಲ್ಲ. ಮಲೆನಾಡಿಗರಿಗೆ ಈ ವಿಷಯದಲ್ಲಿ ಬೇರೆಯವರಿಗಿಲ್ಲದ ಅನುಕೂಲವೊಂದಿದೆ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಮುಗಿಯುತ್ತದೆ, ಕಳಿಸಿದ ಸಂದೇಶದ ಪಕ್ಕದಲ್ಲಿ ಒಂದೇ ಟಿಕ್ ಗಂಟೆಗಟ್ಟಲೆ ನಿಂತಿರುತ್ತದೆ. ಆಗ ಉತ್ತರ ಬರಲಿಲ್ಲವೆಂದು ಯಾರೂ ಮುನಿಸಿಕೊಳ್ಳುವುದಿಲ್ಲ. "ಟವರ್ ಇರ್ಲಿಲ್ಲ" ಎಂಬ ಮಾತನ್ನು ಇಲ್ಲಿ ಪ್ರಶ್ನಿಸದೆ ಒಪ್ಪಿಕೊಳ್ಳುತ್ತಾರೆ, ಟವರ್ ಇದ್ದಾಗಲೂ. ಮನೆಗೆ ಫೈಬರ್ ಹಾಕಿಸಿಕೊಂಡವರಿಗೆ ಮಾತ್ರ ಈ ಸೌಕರ್ಯ ತಪ್ಪಿದೆ.

ಇನ್‌ಸ್ಟಾಗ್ರಾಂಗೆ ನಾನು ಬಂದದ್ದು ತಡವಾಗಿ, ಅದೂ ಅಣ್ಣನ ಮಕ್ಕಳ ಒತ್ತಾಯಕ್ಕೆ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಗಿ ಮರುತಿಂಗಳೇ ಇಲ್ಲಿ ರೀಲ್ಸ್ ಶುರುವಾದ ಮೇಲೆ ಅದು ಸ್ನೇಹಿತರ ತಾಣಕ್ಕಿಂತ ಅಪರಿಚಿತರ ತಮಾಷೆ ನೋಡುವ ತಾಣವೇ ಆಗಿದೆ. ಜೋಗದ ವಿಡಿಯೊ ಒಂದನ್ನು ನೋಡಿದರೆ ಮತ್ತೆ ನೂರು ಜೋಗಗಳು ಬರುತ್ತವೆ, ಗೆಳೆಯನ ಮಗಳ ನಾಮಕರಣ ಎಲ್ಲೋ ಕೆಳಗೆ ಉಳಿಯುತ್ತದೆ. ಹಾಗಿದ್ದರೂ ದಾಕ್ಷಿಣ್ಯದ ಲೆಕ್ಕದಲ್ಲಿ ಅದಕ್ಕೆ ಎರಡು ಒಳ್ಳೆಯ ಅಂಕಗಳನ್ನು ಕೊಡಲೇಬೇಕು. ಒಂದು, ಕ್ಲೋಸ್ ಫ್ರೆಂಡ್ಸ್ ಎಂಬ ಪಟ್ಟಿ: ಅದರೊಳಗಿರುವವರಿಗೆ ಮಾತ್ರ ಕಾಣುವಂತೆ ಸ್ಟೋರಿ ಹಾಕಬಹುದು, ಯಾರನ್ನಾದರೂ ಸೇರಿಸಿದರೂ ಕೈಬಿಟ್ಟರೂ ಅವರಿಗೆ ಸೂಚನೆ ಹೋಗುವುದಿಲ್ಲ. ಇನ್ನೊಂದು, ರಿಸ್ಟ್ರಿಕ್ಟ್ ಎಂಬ ಉಪಾಯ. ಯಾರನ್ನು ಹಾಗೆ ಇರಿಸಿದ್ದೇವೋ ಅವರು ಹಾಕುವ ಕಮೆಂಟು ನಾವು ಒಪ್ಪುವವರೆಗೆ ಅವರಿಗೆ ಮಾತ್ರ ಕಾಣುತ್ತದೆ, ಅವರ ಸಂದೇಶವನ್ನು ನಾವು ಓದಿದ್ದು ಅವರಿಗೆ ತಿಳಿಯುವುದಿಲ್ಲ. ಕೊಂಕು ಮಾತಾಡುವ ಆದರೆ ಸಂಬಂಧ ಕಡಿದುಕೊಳ್ಳಲಾಗದ ನೆಂಟರಿಗೆ ಇದಕ್ಕಿಂತ ಸಭ್ಯ ಏರ್ಪಾಡು ಬೇರೆಲ್ಲೂ ಇಲ್ಲ. ತೊಡಕೆಂದರೆ ಸ್ಟೋರಿಯನ್ನು ಯಾರು ಯಾರು ನೋಡಿದರು ಎಂಬ ಹೆಸರುಗಳು ಹಾಕಿದವರಿಗೆ ಸಿಗುತ್ತವೆ, ಆದ್ದರಿಂದ ನೋಡಿಯೂ ಸುಮ್ಮನಿದ್ದವರ ಲೆಕ್ಕ ಇಡುವ ಚಟ ಬೆಳೆಯುತ್ತದೆ. ನನ್ನ ವಯಸ್ಸಿನ ಗೆಳೆಯರು ಅಲ್ಲಿ ಕಡಿಮೆ ಎಂಬುದು ಬೇರೆ ಮಾತು.

ಟೆಲಿಗ್ರಾಂ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅಲ್ಲಿ ನನಗೆ ಬಳಗವೇ ಬೆಳೆಯಲಿಲ್ಲ, ಬೆಳೆಯಬೇಕೆಂದೂ ಅನ್ನಿಸಲಿಲ್ಲ. ಫೋನ್ ನಂಬರನ್ನು ಮರೆಮಾಡಬಹುದು, ಕಳಿಸಿದ ಸಂದೇಶವನ್ನು ಎರಡೂ ಕಡೆಯಿಂದ ಗುರುತೇ ಉಳಿಯದಂತೆ ಅಳಿಸಬಹುದು. ವಾಟ್ಸ್‌ಆ್ಯಪ್‌ನಲ್ಲಾದರೆ ಅಳಿಸಿದರೂ ಸಂದೇಶ ಅಳಿಸಲಾಗಿದೆ ಎಂಬ ಸಾಲು ಉಳಿದು ಅದೇ ಹೊಸ ಕುತೂಹಲಕ್ಕೆ ಕಾರಣವಾಗುತ್ತದೆ. ಅಡಿಕೆ ಬೆಳೆಗಾರರ ಗುಂಪೊಂದರಲ್ಲಿ ನಾನಿದ್ದೇನೆ. ಎಲೆಚುಕ್ಕಿ ರೋಗದ ಫೋಟೊ, ಶಿವಮೊಗ್ಗ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ದರ, ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಎಂಬ ಬೋರ್ಡೊ ದ್ರಾವಣದ (ತೋಟಕ್ಕೆ ಸಿಂಪಡಿಸುವ ಔಷಧಿ) ಲೆಕ್ಕ ಇವೆಲ್ಲ ಹೊಸದಾಗಿ ಸೇರಿದವರಿಗೂ ಹುಡುಕಿದೊಡನೆ ಸಿಗುವಂತೆ ಅಲ್ಲಿರುತ್ತವೆ. ಮಾಹಿತಿಗೆ ಬಹಳ ಒಳ್ಳೆಯದು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ವಾಟ್ಸ್‌ಆ್ಯಪ್‌ನಲ್ಲಿ 2016ರಿಂದ ಎಲ್ಲ ಮಾತುಕತೆಯೂ ಕಳಿಸಿದವರು ಮತ್ತು ಪಡೆದವರ ಹೊರತು ಬೇರೆಯವರು ಓದಲಾಗದ ಗೂಢಲಿಪಿಯಲ್ಲಿರುತ್ತದೆ, ಟೆಲಿಗ್ರಾಂನಲ್ಲಿ ಅಂಥ ಭದ್ರತೆ ಸೀಕ್ರೆಟ್ ಚಾಟ್ ಎಂದು ಬೇರೆಯಾಗಿ ತೆರೆದಾಗ ಮಾತ್ರ.

2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್‌ನ ಹೊಸ ಗೌಪ್ಯತಾ ನೀತಿಯ ಗಲಾಟೆಯಾದಾಗ ಕೆಲವು ಗೆಳೆಯರ ಜೊತೆ ಸಿಗ್ನಲ್ ಎಂಬ ಇನ್ನೊಂದು ಸಂದೇಶದ ಆ್ಯಪ್‌ಗೂ ಹೋಗಿದ್ದೆ. ತಾಣವಾಗಿ ಅದರಲ್ಲಿ ಕುಂದು ಕಾಣಲಿಲ್ಲ, ಆದರೆ ಎಲ್ಲರೂ ಒಬ್ಬೊಬ್ಬರಾಗಿ ಹಳೆಯ ಜಾಗಕ್ಕೇ ಮರಳಿದರು. ಮಾತಾಡುವವರಿಲ್ಲದ ಕಡೆ ಭದ್ರತೆ ಎಷ್ಟಿದ್ದರೂ ಅಷ್ಟೆ.

ಈಗ ನನ್ನ ಬಳಕೆ ಹೀಗಿದೆ. ಫೇಸ್‌ಬುಕ್ಕನ್ನು ಫೋನಿನಿಂದ ತೆಗೆದು ಕಂಪ್ಯೂಟರಿನಲ್ಲಿ ಮಾತ್ರ ಇಟ್ಟುಕೊಂಡಿದ್ದೇನೆ; ಯಾರ ಮನೆಯಲ್ಲಿ ಮದುವೆ, ಯಾರು ತೀರಿಕೊಂಡರು ಎಂಬುದು ತಿಳಿಯಲು ಅದು ಬೇಕು. ಇನ್‌ಸ್ಟಾಗ್ರಾಂನಲ್ಲಿ ಮನೆಯ ಮಕ್ಕಳ ಕ್ಲೋಸ್ ಫ್ರೆಂಡ್ಸ್ ಪಟ್ಟಿಯಲ್ಲಿ ನನ್ನ ಹೆಸರು ಇದೆಯೋ ಇಲ್ಲವೋ ನಾನು ಕೇಳಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಯಾರು ನನ್ನನ್ನು ಗ್ರೂಪಿಗೆ ಸೇರಿಸಬಹುದು ಎಂಬುದನ್ನು ನನ್ನಲ್ಲಿ ನಂಬರ್ ಇರುವವರಿಗೆ ಸೀಮಿತಗೊಳಿಸಿದ್ದೇನೆ, ದೊಡ್ಡ ಗ್ರೂಪುಗಳೆಲ್ಲ ಆರ್ಕೈವ್‌ನಲ್ಲಿವೆ, ಆಪ್ತರಾದ ಕೆಲವರಿಗೆ ಹೇಳಬೇಕಾದ್ದನ್ನು ಬ್ರಾಡ್‌ಕಾಸ್ಟ್ ಲಿಸ್ಟಿನ ಮೂಲಕ ಕಳಿಸುತ್ತೇನೆ. ಒಂದೇ ಸಲ ಬರೆದರೂ ಅದು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಸೇರುತ್ತದೆ, ಉತ್ತರ ನನಗೊಬ್ಬನಿಗೇ ಬರುತ್ತದೆ, ಒಬ್ಬರ ಮಾತು ಇನ್ನೊಬ್ಬರಿಗೆ ಚುಚ್ಚುವ ಪ್ರಸಂಗವೇ ಬರುವುದಿಲ್ಲ. ಗ್ರೂಪಿನಲ್ಲಿ ಎಂದೂ ಬಾಯಿಬಿಡದ ಗೆಳೆಯನೊಬ್ಬ, ಅಡಿಕೆ ಗೊನೆಗಳ ಕೊಯ್ಲು ಶುರುವಾಯಿತೆಂದು ನಾನು ಹೀಗೆ ಕಳಿಸಿದ್ದಕ್ಕೆ ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ದ. ತಂದೆಯ ಕಾಯಿಲೆ, ತೋಟ ಮಾರುವ ಯೋಚನೆ ಎಲ್ಲ ಅದರಲ್ಲಿತ್ತು.

ಈ ಲಿಸ್ಟಿಗೆ ಒಂದು ಮಿತಿ ಇದೆ: ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿರುವವರಿಗೆ ಮಾತ್ರ ಸಂದೇಶ ತಲುಪುತ್ತದೆ. ಹೊಸ ಸೆಟ್ ಕೊಂಡು ಹಳೆಯ ನಂಬರುಗಳನ್ನೆಲ್ಲ ಕಳೆದುಕೊಂಡ ಗೆಳೆಯರಿಗೆ ಮಾತ್ರ ಮೊದಲು ಒಂದು ಫೋನ್ ಮಾಡಿ, ನಂಬರ್ ಸೇವ್ ಮಾಡಿಕೊಳ್ಳಿ ಎಂದು ಹೇಳಬೇಕಾಗುತ್ತದೆ.